ಮೂರನೇ ಜಪ್ತಿಗೆ ಹೊಸದುರ್ಗಕ್ಕೆ

ಗುರುವಾರ ಬೆಳಿಗ್ಗೆ ಏಳಕ್ಕೆ ಚಿತ್ರದುರ್ಗದಿಂದ ಹಿರಿಯೂರಿನ ಬಸ್ಸು ಹಿಡಿದೆ. ಚೀಲದಲ್ಲಿ ಒಂದು ಪಂಚೆ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಕೋರ್ಟಿನ ಡಿಕ್ರಿಯ ನಕಲು ಇದ್ದವು. ಡಿಕ್ರಿ ಕೈಗೆ ಬಂತೆಂದರೆ ಹಣ ಬಂದಂತೆಯೇ ಎಂದು ತಿಳಿಯುವವರು ಬಹಳ ಜನ. ನಾನೂ ಹಾಗೇ ತಿಳಿದು ಎರಡು ವರ್ಷ ಕಳೆದಿದ್ದೆ. ಕೋರ್ಟು ಕೊಡುವುದು ಕಾಗದ. ಹಣ ತರಲು ನಾವೇ ಓಡಾಡಬೇಕು.

ನನ್ನದು ಗೋಣಿಚೀಲದ ವ್ಯಾಪಾರ. ಹೊಸದುರ್ಗದ ಕಡೆಯ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪ ಚೀಲಗಳನ್ನು ಸಾಲಕ್ಕೆ ಒಯ್ದು ಮೂರು ಸಾವಿರದ ನಾನೂರು ರೂಪಾಯಿ ಬಾಕಿ ಉಳಿಸಿಕೊಂಡಿದ್ದ. ಇಲ್ಲದವನಲ್ಲ, ಹೆಂಚಿನ ಮನೆ, ಹಿರಿಯೂರಿನಲ್ಲಿ ಅಂಗಡಿ ಎರಡೂ ಇದ್ದವು. ಇತ್ತ ನನ್ನ ಗೋದಾಮಿನ ಮಾಲೀಕರು ಅದನ್ನು ಮಾರಲು ಹೊರಟಿದ್ದರು. ತಿಂಗಳ ಕೊನೆಯೊಳಗೆ ಮೂರು ಸಾವಿರ ಮುಂಗಡ ಕೊಟ್ಟರೆ ನನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು. ಉಳಿದಿದ್ದು ಒಂಬತ್ತು ದಿನ.

ಜಪ್ತಿ ಮಾಡುವ ಕೋರ್ಟಿನ ಅಮೀನರನ್ನು ಕರೆದುಕೊಂಡು ಮೊದಲೇ ಎರಡು ಸಲ ಅವನ ಮನೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಮೊದಲನೆಯ ಸಲ ಗಂಗಾಧರಪ್ಪ ಊಟಕ್ಕೆ ಕೂರಿಸಿದ. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ, ಆಮೇಲೆ ಎಲೆಅಡಿಕೆ. ಎದ್ದಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಜಪ್ತಿಗೆಂದು ಮನೆಯೊಳಗೆ ಕಾಲಿಡುವಂತಿಲ್ಲ. ಎರಡನೆಯ ಸಲ, ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಇಟ್ಟ ತೆಂಗಿನಕಾಯಿ ಇನ್ನೂ ಹಸಿ, ಈಗ ಇಳಿಸಿದರೆ ಕೊಳೆಯುತ್ತದೆ, ಹರಾಜಿನಲ್ಲಿ ಯಾರೂ ಕೇಳುವುದಿಲ್ಲ ಎಂದ. ಆಗ ಅದು ನಿಜವೂ ಆಗಿತ್ತು. ಅಮೀನರು ಹಾಗೇ ಬರೆದುಕೊಂಡರು.

ಹಿರಿಯೂರಿನಲ್ಲಿ ಇಳಿದಾಗಲೇ ಬಿಸಿಲು ಚುರುಕಾಗಿತ್ತು. ಗಂಗಾಧರಪ್ಪನ ಅಂಗಡಿಗೆ ಬೀಗ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಇದೇ ತೆಂಗಿನ ಮಂಡಿಯಲ್ಲಿ ಮೂಟೆ ಹೊತ್ತವನು. ನನ್ನ ಜೊತೆ ಹೊರುತ್ತಿದ್ದ ಓಬಣ್ಣ ಈಗ ಅಲ್ಲಿ ತೂಕ ಮಾಡುತ್ತಾನೆ. ಇಬ್ಬರೂ ಕೂತು ನನ್ನ ರೊಟ್ಟಿ ತಿಂದೆವು. ಗಂಗಾಧರಪ್ಪ ಎಲ್ಲಿ ಎಂದು ನಾನು ಕೇಳಲಿಲ್ಲ, ಕೊಬ್ಬರಿ ರೇಟು ಕೇಳಿದೆ. ಬೇಕಾದ ಸುದ್ದಿಯನ್ನು ನೇರವಾಗಿ ಕೇಳಬಾರದು, ಅದರ ಪಕ್ಕದ ಮಾತು ಎತ್ತಬೇಕು.

"ರೇಟು ಏರೈತೆ ಕಣಪ್ಪ. ನಿಮ್ ಗಂಗಾಧರಪ್ಪನೂ ಬರೋ ವಾರ ಮಾಲು ತರ್ತಾನಂತೆ. ನಮ್ ಸಾವ್ಕಾರ್ರತ್ರ ಮುಂಗಡಾನೂ ಇಸ್ಕಂಡವ್ನೆ," ಎಂದ ಓಬಣ್ಣ.

ಎರಡೂ ಗಂಟು ಬಿಚ್ಚಿದಂತಾಯಿತು. ಕಾಯಿ ಒಣಗಿದೆ, ಮನೆಯಲ್ಲಿ ದುಡ್ಡೂ ಇದೆ.

ಮಧ್ಯಾಹ್ನದ ಬಸ್ಸಿಗೆ ಹೊಸದುರ್ಗ ತಲುಪಿದೆ. ದಾರಿಯುದ್ದಕ್ಕೂ ಧೂಳು, ಎರಡು ಕಡೆ ಕುರಿಹಿಂಡು ದಾಟಲೆಂದು ನಿಂತೆವು. ಕೋರ್ಟಿನಲ್ಲಿ ವಾರಂಟು ಸಿದ್ಧವಿತ್ತು. ಅಮೀನರ ಓಡಾಟದ ಖರ್ಚಿನ ಬತ್ತವನ್ನು ಮೊದಲೇ ಕೋರ್ಟಿಗೆ ಕಟ್ಟಿ ರಸೀದಿ ಇಟ್ಟುಕೊಂಡಿದ್ದೆ. ಕೋಣೆಗೆ ಎರಡು ರೂಪಾಯಿ ಕೊಟ್ಟು ಮಲಗಿದೆ.

ಶುಕ್ರವಾರ ಹೊರಡುವ ಮುಂಚೆ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡೆ. ಅಮೀನ್ ಇಮಾಂಸಾಬರಿಗೂ ಉಂಡೇ ಬನ್ನಿ ಎಂದಿದ್ದೆ. ಅವರು ನಕ್ಕು ತಮ್ಮ ದುಡ್ಡಿನಲ್ಲೇ ಉಂಡರು. ಜಪ್ತಿಗೆ ಹೋಗುವವರು ಹಸಿದು ಹೋಗಬಾರದು, ಈ ಮಾತು ನೆನಪಿಡಿ. ಆರು ಮೈಲಿ ಗಾಡಿಯಲ್ಲಿ ಹೋಗಿ ಎರಡು ಗಂಟೆಗೆ ಮನೆ ಮುಂದೆ ಇಳಿದೆವು.

"ಬರ್ರಿ ಬರ್ರಿ, ಕುಂತ್ಕಳ್ರಿ. ಮದ್ಲು ಊಟ ಮಾಡ್ರಿ, ಕೆಲ್ಸ ಎಲ್ಲಿಗ್ ಹೋಗ್ತೈತೆ," ಎಂದ ಗಂಗಾಧರಪ್ಪ.

ನೀರು ಮಾತ್ರ ಕುಡಿದೆವು. ಅಟ್ಟದ ಮಾತು ಬಂದ ಕೂಡಲೇ ಅವನದು ಹಳೇ ರಾಗ: ಕಾಯಿ ಹಸಿ, ಇನ್ನೂ ಮೂರು ತಿಂಗಳು ಬೇಕು. ಅಮೀನರು ನನ್ನ ಮುಖ ನೋಡಿದರು. ಅವರು ಕಾಗದ ಬಲ್ಲವರು, ಕಾಯಿ ಬಲ್ಲವರಲ್ಲ. ನಾನು ಪಂಚೆ ಎತ್ತಿ ಕಟ್ಟಿ, ಅವರ ಅಪ್ಪಣೆ ಪಡೆದು, ಸಾಕ್ಷಿಗೆಂದು ಕರೆಸಿದ್ದ ಊರಿನ ಪಂಚರಿಬ್ಬರ ಎದುರಿಗೇ ಏಣಿ ಹತ್ತಿದೆ.

ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನೀರು ಇಂಗಿ, ಒಳಗಿನ ಗಿಟುಕು ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದಿತು. ಹಿಂದಿನದು, ಮೂಲೆಯದು, ಕೆಳಗಿನದು, ಎಲ್ಲವೂ ಅದೇ ಸದ್ದು. ನಾಲ್ಕು ಕಾಯಿ ಕೆಳಗಿಳಿಸಿ ಅಮೀನರ ಕೈಗೆ ಕೊಟ್ಟೆ. ಅವರೂ ಅಲ್ಲಾಡಿಸಿದರು. ಪಂಚರಲ್ಲೊಬ್ಬ ಮುದುಕ, "ಗಂಗಾಧ್ರ, ಇದು ಹಸಿಕಾಯಾದ್ರೆ ನಾನು ಹಸುಗೂಸು ಕಣಪ್ಪ," ಎಂದ.

ಗಂಗಾಧರಪ್ಪ ಮೆಲ್ಲಗೆ ಕೇಳಿದ: "ನಿಮಗೆ ಚೀಲ ಗೊತ್ತು ಅಂದ್ಕಂಡಿದ್ದೆ. ಕಾಯಿ ಯಾವಾಗ ಕಲ್ತ್ರಿ?"

"ಚೀಲಕ್ಕಿಂತ ಮುಂಚೆ," ಎಂದೆ.

ಅಮೀನರು ಪಂಚನಾಮೆ ಬರೆದು ಅಟ್ಟದ ಬಾಗಿಲಿಗೆ ಬೀಗ ಹಾಕಿ ಮೊಹರು ಮಾಡಿದರು. ಗಂಗಾಧರಪ್ಪ ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದ. ಅರ್ಧ ಈಗ, ಅರ್ಧ ಯುಗಾದಿಗೆ ಎಂದ. ಬರುವ ವಾರ ಮಾಲು ಮುಟ್ಟದಿದ್ದರೆ ಹಿರಿಯೂರಿನ ಸಾಹುಕಾರರಿಗೆ ಏನು ಹೇಳುತ್ತೀರಿ ಎಂದು ಮಾತ್ರ ಕೇಳಿದೆ. ಸೋತವನಿಗೆ ಹಿಡಿದುಕೊಳ್ಳಲು ಏನಾದರೂ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಅವನು ಅಪೀಲಿಗೆ ಹೋಗುತ್ತಾನೆ. ನಾಳೆ ಹನ್ನೊಂದಕ್ಕೆ ಅಸಲು, ಕೋರ್ಟು ಖರ್ಚು ಎರಡೂ ಒಂದೇ ಕಂತಿನಲ್ಲಿ ತಂದರೆ ಬಡ್ಡಿ ಬಿಡುತ್ತೇನೆ ಎಂದೆ. ಒಪ್ಪಿದ. ಆಮೇಲೆ ಅವನ ಮನೆಯಲ್ಲಿ ಕೂತು ಉಂಡೆ. ಸಾರು ಹೋದ ಸಲಕ್ಕಿಂತ ರುಚಿಯಾಗಿತ್ತು.

ಶನಿವಾರ ಅವನು ಹತ್ತೂವರೆಗೇ ಬಂದ. ವಕೀಲರ ಎದುರಿಗೆ ಹಣ ಪಡೆದು, ಪೂರ್ತಿ ಸಂದಾಯವಾಯಿತೆಂದು ಇಬ್ಬರೂ ರುಜು ಹಾಕಿ ಕೋರ್ಟಿಗೆ ಕೊಟ್ಟೆವು. ಕೋರ್ಟಿನ ಹೊರಗೆ ಕೈಬದಲಾದ ಹಣವನ್ನು ಕೋರ್ಟಿಗೆ ತಿಳಿಸದೆ ಬಿಟ್ಟರೆ ಮುಂದೆ ಇಬ್ಬರಿಗೂ ತೊಂದರೆ. ಬೀಗ ತೆಗೆಯಲು ಅಪ್ಪಣೆಯಾಯಿತು. ಬಸ್ಸು ಹತ್ತುವಾಗ ಗಂಗಾಧರಪ್ಪ ನನ್ನ ಚೀಲದೊಳಗೆ ಒಂದು ಕಾಯಿ ಹಾಕಿದ. "ಅವ್ವ ಕೊಟ್ಟವ್ಳೆ. ಬಂದೋರ್ನ ಬರಿಗೈಲಿ ಕಳಿಸ್ಬಾರ್ದಂತೆ," ಎಂದ.

ಹೊಳಲ್ಕೆರೆಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಟೀ ಕುಡಿದೆ. ಸೊಂಟದ ಹಣವನ್ನು ಮುಟ್ಟಿ ನೋಡಿಕೊಂಡೆ, ಗೋದಾಮು ನನ್ನದಾಯಿತು. ಹಳೇ ಚಾಳಿ, ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದೆ.

ಒಳಗೆ ನೀರು ಕುಲುಕಿತು. ಅಷ್ಟು ಒಣಗಿದ ಕಾಯಿಗಳ ನಡುವೆ ಈ ಒಂದು ಹಸಿಕಾಯಿಯನ್ನು ಎಲ್ಲಿಂದ ಹುಡುಕಿ ತಂದನೋ! ಕೊಬ್ಬರಿಯಾಗಲು ಇನ್ನೂ ಮೂರು ತಿಂಗಳು ಬೇಕು. ಪಕ್ಕದವರು ಯಾಕೆ ನಗುತ್ತೀರಿ ಎಂದು ಕೇಳಿದರು. ಕಾಯಿಯನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿದೆ. ಈಗ ಅದು ನನ್ನ ಗೋದಾಮಿನ ಅಟ್ಟದ ಮೇಲಿದೆ.