ಅರ್ಧ ಇಂಚು ಸಡಿಲ

ವಿನೋಬನಗರದ ಅಡ್ಡರಸ್ತೆಯೊಂದರಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಅಂಬಿಕಾ ಹದಿನೆಂಟು ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿದ್ದಾಳೆ. ಕುಕ್ಕುವಾಡದಿಂದ ಮದುವೆಯಾಗಿ ಬಂದವಳು. ಗಂಡ ಹನುಮೇಶ್ ಆಟೋ ಓಡಿಸುತ್ತಾನೆ. ಅವಳ ಹತ್ತಿರ ಒಮ್ಮೆ ಹೊಲಿಸಿದ ಹೆಂಗಸರು ಬೇರೆ ಕಡೆ ಹೋಗುವುದು ಕಡಿಮೆ. ನಿರ್ಮಲಮ್ಮನಂತೂ, ಗಂಡ ವ್ಯಾಪಾರಕ್ಕೆಂದು ಹರಿಹರಕ್ಕೆ ಮನೆ ಬದಲಿಸಿದ ಮೇಲೂ ಬಸ್ಸು ಹತ್ತಿ ಇಲ್ಲಿಗೇ ಬರುತ್ತಿದ್ದರು.

ಎರಡು ವರ್ಷದ ಹಿಂದೆ, ಮಗಳು ರಶ್ಮಿತಾಳ ನಿಶ್ಚಿತಾರ್ಥಕ್ಕೆ ಹೊಲಿಸಿದ ಬ್ಲೌಸ್ ತೊಟ್ಟು ನೋಡಿ ನಿರ್ಮಲಮ್ಮ, "ಎಡಗಡೆ ಬಿಗಿ ಆಗ್ತೈತಲ್ಲ ಅಂಬಿಕಾ" ಎಂದರು. ಕತ್ತರಿಸುವಾಗ ತಾನೇ ತಪ್ಪಿರಬೇಕೆಂದು ಅಂಬಿಕಾ ಪರದೆಯ ಹಿಂದೆ ಹೋಗಿ ಟೇಪು ಹಿಡಿದಳು. ಕಂಕುಳ ಹತ್ತಿರ, ಬಟ್ಟೆಯ ಮೇಲಿಂದಲೇ, ಹುಣಸೆಬೀಜದಷ್ಟು ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು.

"ಇದೇನ್ರಿ ಅಕ್ಕಾ, ಗಂಟು?"

"ಇರ್ತಾವ ಬಿಡು. ನೋವೇನಿಲ್ಲ. ಸ್ವಲ್ಪ ಸಡಿಲ ಮಾಡು, ಸಾಕು."

ಹಿಂದಿನ ತಿಂಗಳಷ್ಟೇ ಅಂಬಿಕಾಳ ಸ್ವಸಹಾಯ ಸಂಘದ ಸಭೆಗೆ ನರ್ಸ್ ಮೀನಾಕ್ಷಿ ಬಂದು ಹೇಳಿದ್ದರು: ಎದೆಯಲ್ಲಾಗಲಿ ಕಂಕುಳಲ್ಲಾಗಲಿ ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ನೋವಿಲ್ಲವೆಂದು ಸುಮ್ಮನಿರಬಾರದು. ಬಹಳಷ್ಟು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಅಂಬಿಕಾಗೆ ಅಷ್ಟೂ ನೆನಪಿತ್ತು. ಆದರೆ ಹೊರಗೆ ರಶ್ಮಿತಾಳ ಜೊತೆ ಅವಳ ಅತ್ತೆಯಾಗುವವರು ಕೂತಿದ್ದರು. ಶುಭಕಾರ್ಯದ ಮುಂದೆ ಇಂಥ ಮಾತು ಎತ್ತಿದರೆ ಏನಂದುಕೊಂಡಾರು? ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡಳು. ಒಳಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿ ಕೊಟ್ಟಳು. ಫೋನ್ ಮಾಡಲಿಲ್ಲ.

ಏಳು ತಿಂಗಳಾದ ಮೇಲೆ ಮದುವೆಯ ಬ್ಲೌಸ್‌ಗಳಿಗಾಗಿ ನಿರ್ಮಲಮ್ಮ ಮತ್ತೆ ಬಂದರು. "ಎಡಕ್ಕ ಇನ್ನಷ್ಟು ಬಿಡು" ಎಂದು ಅವರೇ ಮೊದಲು ಹೇಳಿದರು. ಅಂಬಿಕಾ ಆ ಜಾಗ ಮುಟ್ಟದೆ ಅಳತೆ ತೆಗೆದಳು. ಮುಟ್ಟಿದರೆ ಹೇಳಲೇಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮದುವೆ ಮುಗಿದ ನಾಲ್ಕನೇ ತಿಂಗಳು ರಶ್ಮಿತಾ ಒಬ್ಬಳೇ ಬಂದು ಒಂದು ಚೀಲ ಬ್ಲೌಸ್‌ಗಳನ್ನು ಮೇಜಿನ ಮೇಲಿಟ್ಟಳು.

"ಅಮ್ಮಂಗೆ ಆಪರೇಷನ್ ಆತು ಆಂಟಿ. ಎಡಗಡೆದು ಪೂರ್ತಿ ತೆಗದಾರೆ. ಇವನ್ನ ಹೊಂದಿಸಿ ಕೊಡ್ರಿ." ಚೀಲದ ಬಾಯಿ ಬಿಚ್ಚುತ್ತ, "ಮೊದಲೇ ಬಂದಿದ್ರೆ ಗಂಟಷ್ಟೇ ತೆಗಿಬೋದಿತ್ತೇನೋ ಅಂದ್ರು ಡಾಕ್ಟ್ರು. ಯಾರಿಗೂ ಗೊತ್ತೇ ಇರ್ಲಿಲ್ಲ ನೋಡ್ರಿ" ಎಂದಳು.

ಅಂಬಿಕಾ ಚೀಲದಿಂದ ತಲೆ ಎತ್ತಲಿಲ್ಲ.

ಪ್ರತಿ ಬ್ಲೌಸಿನ ಎಡಭಾಗಕ್ಕೆ, ತೆಗೆದ ಜಾಗ ತುಂಬುವ ಪುಟ್ಟ ದಿಂಬು ಇಡಲು, ಒಳಗಿನಿಂದ ಮೆತ್ತನೆಯ ಬಟ್ಟೆಯ ಜೇಬು ಹೊಲಿದಳು. ನಿಶ್ಚಿತಾರ್ಥದ ಬ್ಲೌಸ್ ಕೈಗೆ ಬಂದಾಗ ತಾನೇ ಬಿಚ್ಚಿದ ಹೊಲಿಗೆಯ ಗುರುತು ಕಂಡಿತು. ಊಟಕ್ಕೆ ಹನುಮೇಶ್ ಎರಡು ಸಲ ಕರೆದರೂ ಏಳಲಿಲ್ಲ.

ಭಾನುವಾರ ಅವಳೇ ಹರಿಹರಕ್ಕೆ ಹೋದಳು. ಕೀಮೋ ಶುರುವಾಗಿತ್ತು. ಕೂದಲು ಉದುರಿದ ತಲೆಯ ಮೇಲೆ ಸೆರಗು ಹೊದ್ದು ನಿರ್ಮಲಮ್ಮ ಮಂಚದ ಮೇಲೆ ಕೂತಿದ್ದರು. ಅಂಬಿಕಾ ಕೆಳಗೆ ಕೂತಳು.

"ಅಕ್ಕಾ, ನಂಗೆ ಅವತ್ತೇ ಅನುಮಾನ ಬಂದಿತ್ರಿ. ಡಾಕ್ಟ್ರಿಗೆ ತೋರಿಸ್ರಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಎರಡನೇ ಸಲಾನೂ ಹೇಳ್ಲಿಲ್ಲ."

ನಿರ್ಮಲಮ್ಮ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನೀ ಹೇಳಿದ್ರೂ ನಾನು ಮದುವೆ ಮುಗೀಲಿ ಅಂತಿದ್ನೇನೋ," ಎಂದರು. "ಆದ್ರೂ ಹೇಳ್ಬೇಕಿತ್ತು ಅಂಬಿಕಾ. ಒಬ್ಬರಾದ್ರೂ ಹೇಳಿದ್ರೆ ನಂಗೆ ಹೆದರಿಕೆನಾದ್ರೂ ಆಗ್ತಿತ್ತು."

ಬೈದಿದ್ದರೆ ಅಂಬಿಕಾ ತಡೆದುಕೊಳ್ಳುತ್ತಿದ್ದಳು. ನಿರ್ಮಲಮ್ಮ ಬೈಯಲಿಲ್ಲ.

ಮರುವಾರ ಅವಳು ಮೀನಾಕ್ಷಿಯ ಹತ್ತಿರ ಹೋಗಿ ತಾನೂ ತಪಾಸಣೆ ಮಾಡಿಸಿಕೊಂಡಳು. ನಲವತ್ತೊಂದು ವರ್ಷಕ್ಕೆ ಅದೇ ಮೊದಲು. ಅಂದಿನಿಂದ ಅಳತೆಗೆ ಬಂದ ಹೆಂಗಸರಿಗೆ ಪರದೆಯ ಹಿಂದೆ ಮೆಲ್ಲಗೆ ಹೇಳತೊಡಗಿದಳು, "ಮೂವತ್ತು ದಾಟಿದೋರಿಗೆ ಸರ್ಕಾರಿ ಆಸ್ಪತ್ರೆಯಾಗ ನೋಡ್ತಾರ್ರಿ. ಒಮ್ಮೆ ಹೋಗಿ ಬರ್ರಿ." ಬಾತಿ ಊರಿನಿಂದ ಹೊಲಿಸಲು ಬರುತ್ತಿದ್ದ ಮಾಬೂಬೀ ತನಗೊಂದು ಗಂಟಿದೆ ಎಂದಾಗ, ಬಾಯಿಮಾತಿಗೆ ಬಿಡದೆ ಹನುಮೇಶನ ಆಟೋದಲ್ಲಿ ತಾನೇ ಕರೆದುಕೊಂಡು ಹೋದಳು. ಸ್ಕ್ಯಾನ್ ಮಾಡಿ, ಸೂಜಿ ಚುಚ್ಚಿ ಪರೀಕ್ಷಿಸಿ, ಕ್ಯಾನ್ಸರ್ ಅಲ್ಲ ಎಂದರು. "ಒಂದು ವಾರ ನನ್ನ ಜೀವ ತೆಗೆದ್ಯಲ್ಲ" ಎಂದಳು ಮಾಬೂಬೀ, ಅಳುತ್ತ ನಗುತ್ತ.

ನಿರ್ಮಲಮ್ಮನ ಚಿಕಿತ್ಸೆ ಮುಗಿದಿದೆ. ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಾರೆ, ಈವರೆಗೆ ಎಲ್ಲ ಸರಿಯಿದೆ.

ಕಳೆದ ಸಂಘದ ಸಭೆಯಲ್ಲಿ ಮೀನಾಕ್ಷಿ ಅಂಬಿಕಾಳನ್ನು ನಿಲ್ಲಿಸಿ ಹೊಗಳಿದರು. ಹೆಂಗಸರು ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಬ್ಯಾಡ್ರಿ" ಎಂದಳು ಅಂಬಿಕಾ. ಯಾರ ಹೆಸರೂ ಹೇಳದೆ, ಬೆರಳಿಗೆ ತಾಗಿದ್ದನ್ನು, ಎರಡು ಸಲ ತಾನು ಸುಮ್ಮನಿದ್ದುದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಕೂತಳು. ಸಭೆ ಮುಗಿದಾಗ ಇಬ್ಬರು ಮೀನಾಕ್ಷಿಯನ್ನು ಪಕ್ಕಕ್ಕೆ ಕರೆದರು. ಮತ್ತಿಬ್ಬರು ಅಂಬಿಕಾಳ ಕಣ್ಣು ತಪ್ಪಿಸಿ ಹೊರಟರು. ಅವರು ಈಗ ಬೇರೆ ಕಡೆ ಹೊಲಿಸುತ್ತಾರೆ. ಅಂಬಿಕಾ ಅವರನ್ನು ದೂರುವುದಿಲ್ಲ.