ಕಣಗಿಲೆ ಬುಡದ ಧರಣಿ

ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಗಂಗೂಬಾಯಿ ಮಾಲಿ. ಭಾಲ್ಕಿ ಕಡೆಯವಳು, ಐವತ್ತು ದಾಟಿದ ಹೆಂಗಸು. ಹಿಂದೊಮ್ಮೆ ವಾರದ ರಜೆಗಾಗಿ ಹನ್ನೊಂದು ದಿನ ಗೇಟಿನ ಮುಂದೆ ಧರಣಿ ಕೂತು ಗೆದ್ದವಳು. ಕೂತಳೆಂದರೆ ಎಬ್ಬಿಸುವುದು ಕಷ್ಟ.

ಆ ಮಳೆಗಾಲ ಕಣಗಿಲೆ ಬೇಲಿಗೆ ಹುಳ ಬಿತ್ತು. ಬೆರಳ ಗಾತ್ರದ ಹಸಿರು ಹುಳ. ಬಾಲದ ಮೇಲೊಂದು ಕೊಂಬು, ಕುತ್ತಿಗೆಯಲ್ಲಿ ಎರಡು ನೀಲಿ ಕಣ್ಣು. ಕಣ್ಣಲ್ಲ, ಹಕ್ಕಿಯನ್ನು ಬೆದರಿಸುವ ಮಚ್ಚೆ. ಮೇಕೆಯೂ ಮೂಸದ ವಿಷದ ಎಲೆಯನ್ನು ಹಪ್ಪಳದಂತೆ ಮುಗಿಸುತ್ತಿದ್ದವು.

ಸೂಪರ್‌ವೈಸರ್ ಬಂಡೆಪ್ಪ ಔಷಧದ ಪಂಪು ತಂದಿಟ್ಟ. "ನಾಳೆ ಹೊಡದ್ಬಿಡು, ಗಂಗಕ್ಕ."

"ಹೋದ್ ವರ್ಷ ಹೊಡದು ಎಂಟು ದಿನ ಅನ್ನ ಸೇರಲಿಲ್ಲ ನನಗ. ಒಲ್ಲೆ."

"ಬೇಲಿ ಬೋಳಾದ್ರ ನನ್ನ ತಲಿ ಬೋಳಸ್ತಾರ."

"ಅದರಾಗ ಬೋಳಸಾಕ ಏನ್ ಉಳದೈತ್ರಿ ಸಾಹೇಬ್ರ? ಒಂದ್ ತಿಂಗಳು ಕೊಡ್ರಿ. ಪತಂಗ ಎದ್ದು ಬೇಲಿ ಚಿಗೀಲಿಲ್ಲಂದ್ರ ಪಂಪು ನಾನ ಹೊರತೀನಿ."

ಒಂದು ಹುಳವನ್ನು ಹಿಂದೆ ಡಬ್ಬಿಯಲ್ಲಿ ಸಾಕಿ, ಪತಂಗ ಏಳುವತನಕ ನೋಡಿದವಳು ಆಕೆ. ಬಂಡೆಪ್ಪ ಗೊಣಗುತ್ತಲೇ ಒಪ್ಪಿ ಪಂಪನ್ನು ಬೇಲಿಯ ಪಕ್ಕದಲ್ಲೇ ಬಿಟ್ಟ.

ವಾರದೊಳಗೆ ಹುಳಗಳು ಹಸಿರು ಬಿಟ್ಟು ಕಂದುಹಳದಿಗೆ ತಿರುಗಿದವು, ಒಂದೊಂದಾಗಿ ಬುಡಕ್ಕಿಳಿದವು.

"ನಿನ್ನ ಮಕ್ಕಳಿಗೆ ಕಾಮಣಿ ಆಗೈತಿ," ಎಂದ ಬಂಡೆಪ್ಪ.

"ಮಲಗಾಕ ಹೊಂಟಾವ್ರಿ."

ಮೂರು ದಿನದ ಮೇಲೆ ಒಂದು ಬೆಳಿಗ್ಗೆ, ಮೂವತ್ತು ವರ್ಷದ ರೂಢಿ ನೋಡಿ, ಕೈ ತನ್ನಷ್ಟಕ್ಕೇ ಪೊರಕೆ ಹಿಡಿಯಿತು. ಬುಡದ ತರಗೆಲೆಯನ್ನೆಲ್ಲ ಗುಡಿಸಿ, ಬುಟ್ಟಿಯಲ್ಲಿ ಹೊತ್ತೊಯ್ದು, ಸುಡಲು ಕಡ್ಡಿ ಗೀರಿದಳು. ಎಲೆಯ ನಡುವಿನಿಂದ ಉತ್ತತ್ತಿಯಂಥದ್ದೊಂದು ಉರುಳಿ ಮಿಸುಕಿತು. ಹುಳದ ಕೋಶ! ಉರಿಯುವ ಕಡ್ಡಿಯನ್ನು ಬೆರಳಲ್ಲೇ ಹೊಸಕಿದಳು. ಔಷಧದಿಂದ ಉಳಿಸಿದ್ದನ್ನು ತಾನೇ ಸುಡುವವಳಿದ್ದಳು. ತನ್ನನ್ನೇ ಬಯ್ದುಕೊಳ್ಳುತ್ತ ಎಲೆಯನ್ನೆಲ್ಲ ಬುಡಕ್ಕೆ ಮರಳಿ ಸುರಿದಳು.

ಕಸ ಬಿದ್ದಿದೆಯೆಂದು ದೂರು ಹೋಯಿತು. ಬಂಡೆಪ್ಪ ತಾನೇ ಪೊರಕೆ ಹಿಡಿದು ಬಂದ. ಗಂಗೂಬಾಯಿ ಅಡ್ಡಲಾಗಿ ಗೋಣಿಚೀಲ ಹಾಸಿ ಕೂತಳು.

"ಏಳಕ್ಕಾ."

"ಹನ್ನೊಂದು ದಿನ ಕುಂತಾಕಿ ನಾನು. ಇವಕ್ಕ ಹದಿನೈದು ದಿನ ಬೇಕು. ನೀವೂ ಕುಂದರ್ರಿ, ರೊಟ್ಟಿ ಐತಿ."

ಬಂಡೆಪ್ಪ ಬೇಲಿಯನ್ನು ನೋಡಿದ, ರೊಟ್ಟಿಯ ಡಬ್ಬಿಯನ್ನು ನೋಡಿದ, ಪೊರಕೆ ಕೆಳಗಿಟ್ಟ.

ಕೆಲಸವನ್ನೇನೂ ಆಕೆ ಬಿಡಲಿಲ್ಲ. ಬೇರೆ ಗಿಡಗಳಿಗೆ ನೀರು ಹಾಕುತ್ತ, ಕಣ್ಣು ಮಾತ್ರ ಇಲ್ಲೇ ಇಟ್ಟಳು. ಹದಿನಾಲ್ಕನೆಯ ಸಂಜೆ ತರಗೆಲೆ ಅಲುಗಿತು. ಹಿಂಡಿದ ಬಟ್ಟೆಯಂತೆ ಮುದುರಿದ ಪತಂಗವೊಂದು ರೆಂಬೆ ಹತ್ತಿ ರೆಕ್ಕೆ ಬಿಡಿಸಿತು: ಹಸಿರ ಮೇಲೆ ಹಸಿರು, ನಡುವೆ ತಿಳಿಗುಲಾಬಿ ಗೆರೆ. ಪಕ್ಕದಲ್ಲೇ ನಿಂತಿದ್ದ ಬಂಡೆಪ್ಪನ ಬಾಯಲ್ಲಿ ಬೀಡಿ ಹಚ್ಚದೇ ಉಳಿಯಿತು.

"ಇದು ಮತ್ತ ತತ್ತಿ ಇಡ್ತೈತಲ್ಲ, ಅಕ್ಕಾ?"

"ಇಡ್ಲಿ. ಮೊದಲ ಬೇಲಿ ನೋಡ್ರಿ."

ಬೋಳು ರೆಂಬೆಗಳ ತುಂಬ ಚಿಗುರು ಒಡೆದಿತ್ತು. ಬಂಡೆಪ್ಪ ಪಂಪನ್ನು ಹೆಗಲಿಗೇರಿಸಿ ಸ್ಟೋರಿನ ಕಡೆ ನಡೆದ. ಗಂಗೂಬಾಯಿ ಗೋಣಿಚೀಲ ಮಡಚಲಿಲ್ಲ. ಇನ್ನೂ ಏಳೆಂಟು ಕೋಶ ಒಡೆಯುವುದಿತ್ತು.