ಗಾಲಿಮನೆಯ ನಲ್ಲಿಯಲ್ಲಿ ಬಂದ ವಾಸನೆ

ಜಾನಕಮ್ಮನವರೇ, ನಿಮ್ಮ ಗಾಲಿಮನೆಯ ನಲ್ಲಿಯಲ್ಲಿ ಅರಿಶಿನದ ವಾಸನೆ ಬರುತ್ತಿದ್ದದ್ದು ನಿಜ. ಟ್ಯಾಂಕಿಗೆ ಅರಿಶಿನ ಹಾಕಿದವನು ನಾನು. ನೀವು ಲೋಟವನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದಾಗ ಏನೂ ಇಲ್ಲ ಎಂದವನೂ ನಾನೇ.

ನನ್ನ ಮುಖ ನಿಮಗೆ ನೆನಪಿರಲಾರದು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿ, ಶಿವಮೊಗ್ಗದ ಖಾದರ್ ಸಾಬರ ಗ್ಯಾರೇಜಿನಲ್ಲಿ ಲಾರಿಗಳ ರೇಡಿಯೇಟರ್ ರಿಪೇರಿ ಮಾಡಿಕೊಂಡಿದ್ದೆ. ನಿಮ್ಮ ಯಜಮಾನರು ಕಾಲುವೆ ಸರ್ವೆಯ ರಾಯರು. ಊರು ಬಿಟ್ಟುಹೋಗುತ್ತಿದ್ದ ಯಾರೋ ವಿದೇಶಿ ಎಂಜಿನಿಯರನಿಂದ ಅವರು ಕೊಂಡಿದ್ದ, ಗಾಲಿಗಳ ಮೇಲಿನ ಆ ಪುಟ್ಟ ಮನೆಯನ್ನು ಜೀಪಿನ ಹಿಂದೆ ಕಟ್ಟಿ ಎಳೆಯುತ್ತಿದ್ದರು. ಎರಡು ಮಂಚ, ಒಂದು ಸ್ಟೋವ್, ಮೇಲೆ ತಗಡಿನ ನೀರಿನ ಟ್ಯಾಂಕು. ಅಲ್ಲಿಂದ ಒಂದು ಪೈಪು ನೆಲದ ಹಲಗೆಗಳ ಕೆಳಗೆ ಹಾದು ನಿಮ್ಮ ಬೇಸಿನ್ನಿನ ನಲ್ಲಿಗೆ ಬರುತ್ತಿತ್ತು. ಅದರ ಜಾಯಿಂಟು ಸೋರಿ ಮಂಚದ ಕೆಳಗೆಲ್ಲ ಒದ್ದೆ ಎಂದು ರಾಯರು ಹೇಳಿಕಳಿಸಿದ್ದರು.

"ಹಲಗೆ ಕಿತ್ತು ಹೊಸ ಜಾಯಿಂಟ್ ಹಾಕು," ಎಂದರು ಖಾದರ್ ಸಾಬರು. "ಲಾರಿಗೆ ಹಾಕ್ದಂಗೆ ಅರಿಶಿನ ಗಿರಿಶಿನ ಹಾಕ್ಬೇಡ ಮಾರಾಯ. ಜನ ಕುಡಿಯೋ ನೀರು ಅದು. ತಿಳೀತಾ, ಎಸ್ಸೆಸ್ಸೆಲ್ಸಿ ಸಾಹೇಬ್ರೆ?"

ಲಾರಿಯ ರೇಡಿಯೇಟರ್ ಸೋರಿದರೆ ನಾವೆಲ್ಲ ಮಾಡುತ್ತಿದ್ದದ್ದು ಅದನ್ನೇ. ನೀರಿಗೆ ಒಂದು ಹಿಡಿ ಅರಿಶಿನದ ಪುಡಿ ಸುರಿದರೆ ಅದು ಹೋಗಿ ಬಿರುಕಿನಲ್ಲಿ ಕೂತು, ಉಬ್ಬಿ, ಸೋರುವುದನ್ನು ನಿಲ್ಲಿಸುತ್ತದೆ. ಪೊಟ್ಟಣ ಯಾವಾಗಲೂ ನನ್ನ ಚೀಲದಲ್ಲಿರುತ್ತಿತ್ತು.

ಭದ್ರಾ ಹೊಳೆಯ ದಂಡೆಯಲ್ಲಿ ನಿಮ್ಮ ಗಾಲಿಮನೆ ನಿಂತಿತ್ತು. ಕಾರ್ಖಾನೆಯ ಹೊಗೆ ಹೊಳೆಯ ಮೇಲೆ ಮಲಗಿದ್ದ ಮಧ್ಯಾಹ್ನ. ನೀವು ಕಾಫಿ ಕೊಟ್ಟು, ಹೊರಗೆ ಜಾಲಿಮರದ ನೆರಳಿನಲ್ಲಿ ಹೋಗಿ ಕೂತಿರಿ. ಹಲಗೆಯ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಒಂದು ಬಂತು, ಎರಡನೆಯದರ ತಲೆ ಮುರಿಯಿತು. ಆಮೇಲೆ — ಆಮೇಲೆ ನಾನು ಪ್ರಯತ್ನಿಸಲೇ ಇಲ್ಲ. ಪೊಟ್ಟಣ ಬಿಚ್ಚಿದೆ. ಸೋರುವುದು ನಿಂತಿತು. ಹಳದಿ ನೀರನ್ನೆಲ್ಲ ಹೊರಗೆ ಬಿಟ್ಟು, ತಿಳಿನೀರು ತುಂಬಿಸಿದೆ. ರೈಲು ಸ್ಟೇಷನ್ನಿಗೆ ನಡೆಯುವಾಗ ಹೊಸ ಹಿತ್ತಾಳೆ ಜಾಯಿಂಟನ್ನು ಸೇತುವೆಯ ಮೇಲಿಂದ ಹೊಳೆಗೆ ಎಸೆದೆ.

ಟ್ಯಾಂಕಿನ ತಳದಲ್ಲಿ ಅರಿಶಿನದ ಗಷ್ಟು ನಿಂತಿರುತ್ತದೆ, ಗಾಡಿ ಕುಲುಕಿದಾಗ ಮೇಲೇಳುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೋ —

ಕೆಲವು ವಾರಗಳ ನಂತರ ರಾಯರು ಗ್ಯಾರೇಜಿಗೆ ಬಂದರು. ಬೆರಳ ಸಂದಿಯಲ್ಲಿ ನಶ್ಯ. ಮಾತಿಗೊಮ್ಮೆ ಮೂಗಿಗೇರಿಸುತ್ತಿದ್ದರು.

"ನಮ್ಮ ಮನೆಯವಳು ನೀರಲ್ಲಿ ಬಾಣಂತಿ ಕೋಣೆ ವಾಸನೆ ಅಂತಾಳೆ ಸಾಬ್ರೆ. ನಂಗೇನೂ ಗೊತ್ತಾಗಲ್ಲ. ಕ್ಯಾಂಪ್ ಬದಲಾಯಿಸಿದಾಗೆಲ್ಲ ಜಾಸ್ತಿಯಂತೆ. ಎಲ್ಲಿ ಹೋದ್ರೂ ಹಿಂದೇನೇ ಬರ್ತದೆ ಅಂತಾಳೆ." ಮತ್ತೊಂದು ಚಿಟಿಕೆ ಏರಿಸಿ, "ನಿಮ್ಮ ಹುಡುಗ ರಿಪೇರಿಗೆ ಬರೋ ಮೊದ್ಲೇ ಮಗು ಹೋಯ್ತು ನಮ್ದು. ಹೆಸರಿಡೋ ಮುಂಚೇನೇ," ಎಂದರು.

ಖಾದರ್ ಸಾಬರು ನನ್ನ ಕಡೆ ತಿರುಗಿದರು. "ಕ್ಯಾ ರೇ ಶೀನಾ, ಅರಿಶಿನ ಹಾಕಿದ್ಯೇನೋ?"

"ನಿಮ್ಮಾಣೆ ಇಲ್ಲ ಉಸ್ತಾದ್. ಹೊಸ ಜಾಯಿಂಟೇ ಹಾಕಿದ್ದೀನಿ."

ಅವರು ನಂಬಿದರು. ಒಂದು ಸಲ ಬಂದು ನೋಡು ಎಂದು ರಾಯರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು.

ಆ ದಿನ ಗಾಲಿಮನೆಯ ಒಳಗೆ ಕಾಲಿಟ್ಟೆ. ಕಿಟಕಿಗಳೆಲ್ಲ ಮುಚ್ಚಿದ್ದವು. ನಲ್ಲಿ ಸಣ್ಣಗೆ ಬಿಟ್ಟಿತ್ತು. ಪೈಪಿನೊಳಗೆ ಗಾಳಿ ಸೇರಿ ಚಪ್, ಚಪ್ ಎಂದು — ಎಳೆ ಕೂಸು ಮೊಲೆ ಚೀಪುವ ಸದ್ದು. ಆ ಸದ್ದಿಗೆ ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದೆ ತಿರುಗಿ ಬಾಗಿಲು ತೆರೆದಿದೆಯೇ ಎಂದು ನೋಡಿದೆ. ನೀವು ಬೇಸಿನ್ನಿನ ಪಕ್ಕ ನಿಂತು ಆ ಸದ್ದಿನ ತಾಳಕ್ಕೆ ಮೆಲ್ಲಗೆ ತೂಗುತ್ತಿದ್ದಿರಿ. ನೀವು ತೂಗುತ್ತಿರುವುದು ನಿಮಗೇ ತಿಳಿದಿರಲಿಲ್ಲ.

ಲೋಟ ಹಿಡಿದು ನನ್ನ ಹತ್ತಿರ ತಂದಿರಿ. ಅದರ ಬಣ್ಣ ಹೊಳೆನೀರಿನದಷ್ಟೇ. ವಾಸನೆ ಮಾತ್ರ —

"ತಮ್ಮಾ, ಇವರ ಮೂಗು ನಶ್ಯ ಏರಿಸಿ ಏರಿಸಿ ಸತ್ತೋಗಿದೆ. ನೀನು ಪೈಪಿನ ಕೆಲಸ ಬಲ್ಲವ್ನು. ನೀನು ಹೇಳು. ಇದು ಪೈಪಿಂದಾನೇ ಬರ್ತಿರೋದು ಅಲ್ವಾ?"

ನೀವು ಕೇಳಿದ್ದು ಹಾಗೆ. ಬೇರೇನನ್ನೂ ಅಲ್ಲ, ಪೈಪಿನಿಂದ ಎಂದು ಹೇಳು ಎಂದು ನೀವು ಬೇಡುತ್ತಿದ್ದಿರಿ. ಹೌದಮ್ಮಾ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೂಸಿ ನೋಡಿದೆ. ಎಣ್ಣೆ ನೀರು ಹಾಕಿಸಿಕೊಂಡ ಬಾಣಂತಿಯ ಮೈಯ ವಾಸನೆ ಘಮ್ಮೆಂದು ಬಂತು.

"ಬರೀ ನೀರಮ್ಮ. ಏನೂ ವಾಸನೆ ಇಲ್ಲ."

ನಿಮ್ಮ ಮುಖ ಒಮ್ಮೆಗೇ ಶಾಂತವಾಯಿತು. ಅಂಥ ಶಾಂತಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ, ನೋಡುವುದೂ ಬೇಡ.

"ಹಾಗಾದ್ರೆ ಮಗೂನೇ," ಎಂದಿರಿ.

ಆಮೇಲೆ ನಲ್ಲಿ ನಿಲ್ಲಿಸಲು ನೀವು ಯಾರನ್ನೂ ಬಿಡಲಿಲ್ಲವಂತೆ. ಅದರ ಮುಂದೆ ಕೂತು ಜೋಗುಳ ಹಾಡುತ್ತಿದ್ದಿರಂತೆ. ನಿಮ್ಮ ತಮ್ಮ ಬಂದು ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಇದೆಲ್ಲ ಗ್ಯಾರೇಜಿನ ಬಾಗಿಲಲ್ಲಿ ಕಿವಿಗೆ ಬಿದ್ದದ್ದು. ಕೇಳಿಸಿಕೊಳ್ಳುತ್ತ ನಾನು ಕೆಲಸ ಮಾಡುತ್ತಲೇ ಇದ್ದೆ.

ರಾಯರು ಗಾಲಿಮನೆಯನ್ನು ಮಾರಲೆಂದು ನಮ್ಮ ಅಂಗಳದಲ್ಲೇ ಬಿಟ್ಟುಹೋದರು. ಟ್ಯಾಂಕ್ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಕೈಬಿಟ್ಟೆ. ಮೆತ್ತಗಿನ ಗಷ್ಟಿನ ನಡುವೆ ಬೆರಳಿಗೆ ಏನೋ ಸಿಕ್ಕಿ, ಚೀರಿ ಕೈ ಎಳೆದುಕೊಂಡೆ. ಮತ್ತೆ ಬಿಟ್ಟು ತೆಗೆದರೆ ಎರಡು ಪುಟ್ಟ ದೃಷ್ಟಿಬಳೆಗಳು, ಕಪ್ಪು ಬಿಳಿ ಮಣಿಯವು. ನೀವು ಟ್ಯಾಂಕಿನ ಮೇಲಿನ ಬಾಯಿಂದ ಹಾಕಿದ್ದಿರಿ. ಕೂಸಿಗೆ.

ಆ ಗಷ್ಟನ್ನು ಒಂದು ಡಬ್ಬಿಯಲ್ಲಿ ತುಂಬಿ ರಾಯರ ಮುಂದೆ ಇಟ್ಟಿದ್ದರೆ ಸಾಕಿತ್ತು. ನಿಮ್ಮನ್ನು ಆಸ್ಪತ್ರೆಯಿಂದ ಕರೆತರಲು ಆಗಲೂ ಸಮಯವಿತ್ತು. ಬದಲಿಗೆ ಬಾಗಿಲು ಹಾಕಿಕೊಂಡು, ತಗಡು ಬೆಳ್ಳಗಾಗುವವರೆಗೆ ಉಜ್ಜಿ ತೊಳೆದೆ. ಮೊದಲ ಸುಳ್ಳಿಗೆ ಹೆದರಿಕೆ ಎಂದು ಹೆಸರು ಕೊಡಬಹುದೇನೋ. ಇದಕ್ಕೆ ಯಾವ ಹೆಸರೂ ಇಲ್ಲ.

ನೀವು ಆಸ್ಪತ್ರೆಯಿಂದ ಬಂದು ಶಿವಮೊಗ್ಗದಲ್ಲೇ ತಮ್ಮನ ಮನೆಯಲ್ಲಿ ಇದ್ದೀರೆಂದು ನನಗೆ ಎಷ್ಟೋ ವರ್ಷಗಳಿಂದ ಗೊತ್ತು. ಆ ಬೀದಿಯಲ್ಲಿ ಹಾದುಹೋಗಿದ್ದೇನೆ. ಒಮ್ಮೆ ನಿಮ್ಮ ತಮ್ಮನ ಮೊಮ್ಮಕ್ಕಳು ಗೇಟಿನ ಬಳಿ ಆಡುತ್ತಿದ್ದರು. "ಹುಚ್ಚಜ್ಜಿ ಬಂದ್ಲು, ಓಡ್ರೋ!" ಎಂದು ಒಬ್ಬ ಕೂಗಿದ. ಉಳಿದವರು ನಕ್ಕರು. ನೀವೂ ನಕ್ಕಿರಿ. ನಾನು ಹೆಜ್ಜೆ ಜೋರು ಮಾಡಿದೆ.

ಮಗು ತನ್ನ ಬಳಿ ಬಂದಿತ್ತೆಂದು ಆಕೆ ನಂಬಿಕೊಂಡಿರಲಿ, ಈಗ ಅದನ್ನೂ ಏಕೆ ಕಸಿಯಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದನ್ನು ಕರುಣೆ ಎಂದುಕೊಂಡಿದ್ದೆ. ಅಲ್ಲ.

ನಾಳೆ ಬೆಳಿಗ್ಗೆ ಬರುತ್ತೇನೆ ಜಾನಕಮ್ಮನವರೇ. ನಿಮ್ಮ ತಮ್ಮ, ಆ ಮಕ್ಕಳು, ಎಲ್ಲರೂ ಇರುವ ಹೊತ್ತಿಗೆ. ಇವರ ತಲೆ ಕೆಟ್ಟಿರಲಿಲ್ಲ, ಇವರು ಹೇಳಿದ್ದೇ ಸರಿ ಎಂದು ಅವರೆಲ್ಲರ ಎದುರಿಗೆ ಹೇಳುತ್ತೇನೆ. ಹಾಗಾದರೆ ನಾನು ಜೋಗುಳ ಹಾಡಿದ್ದು ಯಾರಿಗೆ ಎಂದು ನೀವು ಕೇಳಬಹುದು.

ಆದರೂ ಬರುತ್ತೇನೆ.